ಹಳೇ ಗಾಡಿಗೆ ಎಷ್ಟು ವೇಗ ಹಿತ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊಲ, ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಲಾರಿ, ಜೀಪು, ಪಿಕಪ್‌ಗಳ ವೇಗ ಮತ್ತು ಮೈಲೇಜ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಹಲವರು ಕೇಳಿದ ಒಂದೇ ಪ್ರಶ್ನೆಯನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ನಮ್ಮದು 1996ರ ಟಾಟಾ 407. ಬೆಂಗಳೂರಿಗೆ ಟೊಮೆಟೊ ಸಾಗಿಸುತ್ತೇವೆ, ದಾರಿ ಸುಮಾರು 75 ಕಿ.ಮೀ. ‘70ರಲ್ಲಿ ಹೊಡೆದರೆ ಬೇಗ ತಲುಪ್ತೀವಿ, ಎಂಜಿನ್ ಕಮ್ಮಿ ಹೊತ್ತು ಓಡುತ್ತೆ, ಡೀಸೆಲ್ ಉಳಿಯುತ್ತೆ’ ಎಂದು ಡ್ರೈವರ್ ವಾದಿಸುತ್ತಾನೆ. ನಿಜವೇ?
— ಓದುಗರು, ಚಿಂತಾಮಣಿ

ಉತ್ತರ: ಬೇಗ ತಲುಪುವುದು ನಿಜ, ಡೀಸೆಲ್ ಉಳಿಯುವುದು ಸುಳ್ಳು. ಎಂಜಿನ್ ಎಷ್ಟು ಹೊತ್ತು ಓಡಿತು ಎಂಬುದರ ಮೇಲೆ ಲೆಕ್ಕ ಹಾಕಬೇಡಿ. ಪ್ರತಿ ಕಿಲೋಮೀಟರಿಗೂ ಎಷ್ಟು ಬಲ ಹಾಕಿ ಎಳೆಯಿತು ಎಂಬುದರ ಮೇಲೆ ಹಾಕಿ.

ಲೋಡು ಸೇರಿ ನಿಮ್ಮ ಗಾಡಿ 5 ಟನ್ ತೂಗುತ್ತದೆ ಎಂದುಕೊಳ್ಳೋಣ. ಸಮತಟ್ಟಾದ ಟಾರು ರಸ್ತೆಯಲ್ಲಿ ನೈಲಾನ್ ಟಯರುಗಳನ್ನು ಉರುಳಿಸುವುದಕ್ಕೇ ಸುಮಾರು 60 ಕೆ.ಜಿ. ಎಳೆತ ಬೇಕು. ನಿಧಾನವಿರಲಿ, ಜೋರಿರಲಿ, ಇದು ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ಹಾಗಲ್ಲ, ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಮೊಂಡು ಮೂತಿ, ಹಿಂದೆ ಕ್ರೇಟುಗಳ ಗೋಡೆ ಎಲ್ಲ ಸೇರಿ ಗಾಳಿಗೆ ಒಡ್ಡಿಕೊಳ್ಳುವ ಜಾಗ 5 ಚದರ ಮೀಟರ್ ಎಂದು ಹಿಡಿದರೆ 40 ಕಿ.ಮೀ. ವೇಗದಲ್ಲಿ ಗಾಳಿಯ ಪಾಲು ಸುಮಾರು 27 ಕೆ.ಜಿ. 50ರಲ್ಲಿ ಅದು 43, 60ರಲ್ಲಿ 61, 70ರಲ್ಲಿ 83, 80ರಲ್ಲಿ 109. ಅಂದರೆ 60 ದಾಟಿದ ಮೇಲೆ ಟಯರಿಗಿಂತ ಗಾಳಿಯೇ ಹೆಚ್ಚು ಡೀಸೆಲ್ ತಿನ್ನುತ್ತದೆ. ಎರಡನ್ನೂ ಕೂಡಿಸಿದರೆ 50ರಲ್ಲಿ 103 ಕೆ.ಜಿ., 70ರಲ್ಲಿ 143 ಕೆ.ಜಿ. ಪ್ರತಿ ಕಿಲೋಮೀಟರಿಗೂ ಶೇ. 40ರಷ್ಟು ಹೆಚ್ಚು ಎಳೆತ. ಹೆಚ್ಚು ಭಾರ ಬಿದ್ದಾಗ ಡೀಸೆಲ್ ಎಂಜಿನ್ ಸ್ವಲ್ಪ ಚೊಕ್ಕಟವಾಗಿ ಕೆಲಸ ಮಾಡುವುದರಿಂದ ಡೀಸೆಲ್ ಖರ್ಚು ಪೂರ್ತಿ ಶೇ. 40 ಏರದೆ ಹೋಗಬಹುದು, ಆದರೆ ಇಳಿಯುವ ಮಾತೇ ಇಲ್ಲ.

ಇನ್ನು ಹೊತ್ತು. ಎಲ್ಲೂ ನಿಲ್ಲದೆ ಹೋದರೆ 50ರಲ್ಲಿ 90 ನಿಮಿಷ, 70ರಲ್ಲಿ 64 ನಿಮಿಷ. ದಾರಿಯಲ್ಲಿ ಊರು, ಹಂಪು, ಸಿಗ್ನಲ್ ಇರುವಾಗ ಈ 26 ನಿಮಿಷದಲ್ಲಿ ಅರ್ಧವೂ ಕೈಗೆ ಸಿಗುವುದಿಲ್ಲ. ಹಂಪು ಕಂಡಾಗ ಡ್ರೈವರ್ ಬ್ರೇಕ್ ತುಳಿಯುತ್ತಾನಲ್ಲ, ಅಸಲಿ ನಷ್ಟ ಅಲ್ಲಿದೆ. 5 ಟನ್ ಗಾಡಿಯನ್ನು ನಿಂತಲ್ಲಿಂದ 70ಕ್ಕೆ ಏರಿಸುವ ಕೆಲಸಕ್ಕೇ ಅಂದಾಜು 90 ಮಿ.ಲೀ. ಡೀಸೆಲ್ ಬೇಕು. 50ಕ್ಕಾದರೆ ಅದರ ಅರ್ಧ ಸಾಕು. ಬ್ರೇಕ್ ತುಳಿದ ಕ್ಷಣ ಅದೆಲ್ಲ ಡ್ರಮ್ಮಿನ ಬಿಸಿಯಾಗಿ ಹೋಗುತ್ತದೆ.

45ರಿಂದ 55ರ ನಡುವೆ ಓಡಿಸಿ ಎಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ, ಅಂದರೆ ಪಿ.ಸಿ.ಆರ್.ಎ., ವರ್ಷಗಳಿಂದ ಹೇಳುತ್ತ ಬಂದಿರುವುದು 407ಕ್ಕೂ ಹೊಂದುತ್ತದೆ. ಹಾಗೆಂದು ಟಾಪ್ ಗೇರಿನಲ್ಲೇ 30ಕ್ಕೆ ಇಳಿಸಿ ಎಂಜಿನ್ನನ್ನು ಏದುಸಿರು ಬಿಡಿಸಬೇಡಿ. ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ಏಳದೆ ಕಪ್ಪು ಹೊಗೆ ಬಂದರೆ ಸುಡದ ಡೀಸೆಲ್ ಹೊರಗೆ ಹೋಗುತ್ತಿದೆ ಎಂದರ್ಥ. ಆಗ ಒಂದು ಗೇರ್ ಇಳಿಸುವುದೇ ಉಳಿತಾಯ.

ಕ್ರೇಟಿನ ವಿಷಯ ಒಂದಿದೆ. ಕ್ಯಾಬಿನ್ ಎತ್ತರಕ್ಕಿಂತ ಒಂದು ಸಾಲು ಹೆಚ್ಚು ಪೇರಿಸಿದರೆ 60ರ ವೇಗದಲ್ಲಿ ಗಾಳಿಯ ತಡೆ ಸುಮಾರು 7 ಕೆ.ಜಿ. ಏರುತ್ತದೆ. ವಾಪಸು ಬರುವಾಗ ಖಾಲಿ ಕ್ರೇಟುಗಳನ್ನು ಅಷ್ಟೇ ಎತ್ತರಕ್ಕೆ ಕಟ್ಟಿದರೆ ಗಾಳಿಗೆ ಅದು ಲೋಡು ಗಾಡಿಯೇ. ಒಂದರೊಳಗೊಂದು ಕೂರುವ ಕ್ರೇಟಾದರೆ ಕೂರಿಸಿ, ಕ್ಯಾಬಿನ್ ಬೆನ್ನಿಗೆ ಒತ್ತಿ ಕಟ್ಟಿ, ಟಾರ್ಪಾಲು ಪಟಪಟ ಎನ್ನದಂತೆ ಹಗ್ಗ ಬಿಗಿಯಿರಿ.

ಪ್ರಶ್ನೆ: ಮೈಲೇಜ್ 9 ಬರುತ್ತೆ ಅಂತ ಡ್ರೈವರ್, ಬಿಲ್ ನೋಡಿದರೆ 7 ಅನಿಸುತ್ತೆ. ಸರಿಯಾಗಿ ಅಳೆಯುವುದು ಹೇಗೆ?
— ಓದುಗರು, ರಾಣೆಬೆನ್ನೂರು

ಉತ್ತರ: ಒಂದೇ ಬಂಕು, ಒಂದೇ ಪಂಪು, ಗಾಡಿ ನಿಲ್ಲಿಸುವ ಜಾಗವೂ ಒಂದೇ ಇರಲಿ. ಗನ್ ತಾನಾಗಿ ಮೊದಲ ಸಲ ಕಟ್ ಆದ ಕೂಡಲೇ ನಿಲ್ಲಿಸಿ, ರೌಂಡ್ ಮೊತ್ತಕ್ಕೆ ಮುಟ್ಟಿಸಲು ಹೋಗಬೇಡಿ. ಕನಿಷ್ಠ 300 ಕಿ.ಮೀ. ಓಡಿಸಿ ಮತ್ತೆ ಅಲ್ಲೇ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಲೋಡಿನ ಟ್ರಿಪ್ಪು, ಖಾಲಿ ಟ್ರಿಪ್ಪು ಬೆರಕೆಯಾದರೆ ಎರಡರ ಕಿಲೋಮೀಟರನ್ನೂ ಪಕ್ಕದಲ್ಲಿ ಬರೆದಿಡಿ.

ಇದಕ್ಕೂ ಮೊದಲು ಮೀಟರನ್ನೇ ಅನುಮಾನಿಸಬೇಕು. ಕಂಪನಿ ಕೊಟ್ಟ ಸೈಜಿಗಿಂತ ದೊಡ್ಡ ಟಯರು ಹಾಕಿದ್ದರೆ ಮೀಟರು ಕಡಿಮೆ ತೋರಿಸುತ್ತದೆ, ಸವೆದ ಟಯರಿದ್ದರೆ ಹೆಚ್ಚು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತ 20 ಕಿ.ಮೀ. ಓಡಿಸಿ ಮೀಟರಿನಲ್ಲಿ ಎಷ್ಟು ಬಂತೆಂದು ಹೋಲಿಸಿ. 19 ತೋರಿಸಿದರೆ ಇನ್ನು ಮುಂದೆ ಮೀಟರಿನ ಪ್ರತಿ ಲೆಕ್ಕವನ್ನೂ 20/19ರಿಂದ ಗುಣಿಸಬೇಕು. ವೇಗಕ್ಕೂ ಸುಲಭದ ಪರೀಕ್ಷೆ ಇದೆ. ಮುಳ್ಳು 60ರಲ್ಲಿ ಅಲುಗದೆ ನಿಂತಾಗ ಎರಡು ಕಲ್ಲುಗಳ ನಡುವೆ ಸರಿಯಾಗಿ 60 ಸೆಕೆಂಡ್ ಹಿಡಿಯಬೇಕು. ಮುಳ್ಳು ಕುಣಿಯುತ್ತಿದ್ದರೆ ಸ್ಪೀಡೋಮೀಟರ್ ಕೇಬಲ್ ಒಣಗಿದೆ ಅಥವಾ ಎಲ್ಲೋ ಚೂಪಾಗಿ ಬಾಗಿದೆ.

ಪ್ರಶ್ನೆ: 1962ರ ವಿಲ್ಲಿಸ್ ಜೀಪು, ಪೆಟ್ರೋಲ್ ಎಂಜಿನ್, ಮೂರು ಗೇರ್. ಕಾಫಿ ಮೂಟೆಗಳ ಟ್ರೇಲರ್ ಕಟ್ಟಿಕೊಂಡು ಕುಶಾಲನಗರಕ್ಕೆ ಹೋಗುತ್ತೇವೆ. 60 ದಾಟಿದರೆ ಎಂಜಿನ್ ಕಿರುಚುತ್ತದೆ, ಪೆಟ್ರೋಲ್ ಸುರಿದಂತೆ ಹೋಗುತ್ತದೆ. ಓವರ್‌ಡ್ರೈವ್ ಹಾಕಿಸಬಹುದೇ? ಕ್ರೌನ್-ಪಿನಿಯನ್ (ಡಿಫರೆನ್ಷಿಯಲಿನ ಹಲ್ಲುಗಾಲಿ ಜೋಡಿ) ಬದಲಿಸುವುದು ಒಳ್ಳೆಯದೇ?
— ಓದುಗರು, ಸೋಮವಾರಪೇಟೆ

ಉತ್ತರ: ಎಂಜಿನ್ ಯಾಕೆ ಕಿರುಚುತ್ತದೆಂದು ಲೆಕ್ಕ ಹಾಕಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನಿಮ್ಮ ಸಿ.ಜೆ.-3ಬಿ ಜೀಪಿನ ಮೂರನೇ ಗೇರ್ ನೇರ ಗೇರ್, ಅಂದರೆ ಎಂಜಿನ್ ಒಂದು ಸುತ್ತು ಸುತ್ತಿದರೆ ಪ್ರೊಪೆಲ್ಲರ್ ಶಾಫ್ಟ್ ಸಹ ಒಂದೇ ಸುತ್ತು. ಡಿಫರೆನ್ಷಿಯಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತಲು ಶಾಫ್ಟ್ ಎಷ್ಟು ಸುತ್ತಬೇಕು ಎಂಬುದು, 5.38. 6.00-16 ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಕ್ರಮಿಸುತ್ತದೆ. 60 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 1,000 ಮೀಟರ್, ಚಕ್ರ 455 ಸುತ್ತು. ಅದನ್ನು 5.38ರಿಂದ ಗುಣಿಸಿದರೆ ಎಂಜಿನ್ ಸುಮಾರು 2,450 ಆರ್.ಪಿ.ಎಂ. 80ರಲ್ಲಿ 3,260. ಈ ಎಫ್-ಹೆಡ್ ಎಂಜಿನ್ನಿನ ಗರಿಷ್ಠ ಎಳೆತ ಬರುವುದು 2,000 ಆರ್.ಪಿ.ಎಂ.ನಲ್ಲಿ. ನಿಮ್ಮ ಜೀಪಿಗೆ ಅದು ಟಾಪ್ ಗೇರಿನಲ್ಲಿ ಗಂಟೆಗೆ 49 ಕಿ.ಮೀ. ತಯಾರಿಸಿದವರು ಯಾವ ವೇಗಕ್ಕೆಂದು ಮಾಡಿದ್ದರು ಎಂದು ಇದೇ ಹೇಳುತ್ತದೆ. ಟ್ರೇಲರ್ ಇದ್ದಾಗ 45ರಿಂದ 50, ಖಾಲಿ ಇದ್ದಾಗ ಹೆಚ್ಚೆಂದರೆ 60.

ಆರು ದಶಕದಲ್ಲಿ ಯಾರೋ ಹೌಸಿಂಗನ್ನೇ ಬದಲಿಸಿರಬಹುದು, ಆದ್ದರಿಂದ 5.38 ಎಂದು ನಂಬಿ ಕೂರದೆ ಎಣಿಸಿ ನೋಡಿ. ಸಮತಟ್ಟಾದ ಜಾಗದಲ್ಲಿ ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ, ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಈ ಜೀಪಿನ ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ ಶಾಫ್ಟನ್ನೇ ಹಿಡಿಯುವುದರಿಂದ ಅದನ್ನು ಬಿಡಲೇಬೇಕು. ಕಲ್ಲು ಮರೆಯಬೇಡಿ ಎಂದದ್ದು ಅದಕ್ಕೇ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತಿತೋ ಅದೇ ಅನುಪಾತ, ಐದು ಸುತ್ತು ಮುಗಿದು ಮೂರನೇ ಒಂದು ಭಾಗ ಹೆಚ್ಚು ಬಂದರೆ 5.38. ಟಯರಿನ ಸುತ್ತಳತೆಗೆ ಲೋಡು ಹಾಕಿ ನೆಲದ ಮೇಲೂ ಟಯರಿನ ಮೇಲೂ ಸೀಮೆಸುಣ್ಣದ ಗೆರೆ ಎಳೆದು ಒಂದು ಸುತ್ತು ತಳ್ಳಿ ಅಳೆಯಿರಿ. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಯಾವ ಹಳೇ ಗಾಡಿಗೂ ಹಿತವಾದ ವೇಗ ಕಂಡುಹಿಡಿಯಬಹುದು. ಗೇರ್ ನೇರದ್ದಲ್ಲದಿದ್ದರೆ ಅದರ ಅನುಪಾತದಿಂದ ಇನ್ನೊಮ್ಮೆ ಗುಣಿಸಿದರಾಯಿತು.

ಓವರ್‌ಡ್ರೈವ್ ಈ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಪಿ.ಟಿ.ಓ. (ಬೇರೆ ಯಂತ್ರ ಓಡಿಸಲು ಶಕ್ತಿ ತೆಗೆಯುವ) ಬಾಯಿಗೆ ಕೂರುವಂಥದ್ದು ಅಮೆರಿಕದಲ್ಲಿ ತಯಾರಾಗುತ್ತಿದೆ, ಎಂಜಿನ್ ಸುತ್ತನ್ನು ಸುಮಾರು ನಾಲ್ಕನೇ ಒಂದರಷ್ಟು ಇಳಿಸುತ್ತದೆ. ಬಯಲು ಸೀಮೆಯ ಖಾಲಿ ರಸ್ತೆಗೆ ಅದು ಸೊಗಸು. ಮೂಟೆ ತುಂಬಿದ ಟ್ರೇಲರ್ ಹಿಂದಿಟ್ಟುಕೊಂಡು ಕೊಡಗಿನ ಏರುತಗ್ಗಿನಲ್ಲಿ ಹೋಗುವಾಗ ಅದನ್ನು ಹಾಕುವ ಅವಕಾಶವೇ ಅಪರೂಪ, ದುಡ್ಡು ಹುಟ್ಟುವುದಿಲ್ಲ. ಕ್ರೌನ್-ಪಿನಿಯನ್ ಬದಲಿಸುವುದಾದರೆ ಮುಂದಿನ ಹೌಸಿಂಗಿಗೂ ಅದೇ ಅನುಪಾತದ್ದು ಹಾಕಬೇಕು, ಇಲ್ಲದಿದ್ದರೆ ಫೋರ್-ವೀಲ್ ಹಾಕಿದ ದಿನ ಎರಡೂ ಆಕ್ಸಲ್ ಒಂದನ್ನೊಂದು ಜಗ್ಗಿ ಏನಾದರೂ ಮುರಿಯುತ್ತದೆ. ದೊಡ್ಡ ಟಯರು ಹಾಕಿದರೆ ಶೇ. 6-7 ಸುತ್ತು ಉಳಿಯುತ್ತದೆ, ಜೊತೆಗೆ ಸ್ಟಿಯರಿಂಗ್ ಭಾರ, ಬ್ರೇಕ್ ಇನ್ನಷ್ಟು ಬಡವು. 9 ಅಂಗುಲದ ಡ್ರಮ್ಮು, ಟ್ರೇಲರಿಗೆ ಬ್ರೇಕೇ ಇಲ್ಲ. ವೇಗ ಹೆಚ್ಚಿಸುವ ಯಾವ ಯೋಚನೆಯನ್ನೂ ಈ ಡ್ರಮ್ಮಿನ ಮುಂದೆ ನಿಂತೇ ಮಾಡಿ.

ಪೆಟ್ರೋಲ್ ನಿಜಕ್ಕೂ ಉಳಿಯುವುದು ಟ್ಯೂನಿಂಗಿನಲ್ಲಿ. ಪಾಯಿಂಟ್ ಗ್ಯಾಪ್ 0.020 ಅಂಗುಲ, ಪ್ಲಗ್ ಗ್ಯಾಪ್ 0.030 ಅಂಗುಲ, ಟೈಮಿಂಗ್ ಟಿ.ಡಿ.ಸಿ.ಗಿಂತ (ಪಿಸ್ಟನ್ ಪೂರ್ತಿ ಮೇಲೆ ಬರುವ ಬಿಂದು) 5 ಡಿಗ್ರಿ ಮುಂಚೆ. ಎಂಜಿನ್ ತಣ್ಣಗಿದ್ದಾಗ ಇನ್‌ಲೆಟ್ ವಾಲ್ವ್ 0.018, ಎಕ್ಸಾಸ್ಟ್ 0.016 ಅಂಗುಲ. ಇನ್‌ಲೆಟ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ಪಕ್ಕದಲ್ಲಿ ಬ್ಲಾಕಿನಲ್ಲಿ ಇರುವುದರಿಂದ ಕೈಗೆ ಸುಲಭವಾಗಿ ಸಿಗುವ ಮೇಲಿನದಷ್ಟನ್ನೇ ಅನೇಕರು ಸರಿಮಾಡುತ್ತಾರೆ. ಪಕ್ಕದ ಮುಚ್ಚಳ ತೆಗೆದು ಎಕ್ಸಾಸ್ಟೂ ನೋಡಿಸಿ. ಅದು ಬಿಗಿಯಾದರೆ ವಾಲ್ವ್ ಸುಟ್ಟು ಕಂಪ್ರೆಷನ್ ಹೋಗುತ್ತದೆ. ಚೋಕ್ ತಂತಿ ತುಕ್ಕು ಹಿಡಿದು ಚೋಕ್ ಅರ್ಧ ಮುಚ್ಚಿಯೇ ಉಳಿಯುವುದು ಮಳೆನಾಡಿನ ಜೀಪುಗಳ ಮಾಮೂಲಿ ರೋಗ. ಪ್ಲಗ್ ಮಸಿಯಂತೆ ಕಪ್ಪಾಗಿದ್ದರೆ ಮೊದಲು ಅಲ್ಲಿ ಹುಡುಕಿ. ಟಾರು ರಸ್ತೆಗೆ ಬಂದ ಮೇಲೆ ಫೋರ್-ವೀಲ್ ಲಿವರ್ ಬಿಡಿಸಿದ್ದೀರಾ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಈಗಿನ ಎಥನಾಲ್ ಪೆಟ್ರೋಲಿನಿಂದ ಹಳೇ ಜೀಪಿನ ಮೈಲೇಜ್ ಇಳಿಯುವುದು ನಿಜವೇ?
— ಓದುಗರು, ಮೂಡಿಗೆರೆ

ಉತ್ತರ: ನಿಜ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ-20ಯಲ್ಲಿ ಐದನೇ ಒಂದು ಭಾಗ ಎಥನಾಲ್. ಲೀಟರಿಗೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ. 7ರಷ್ಟು, ಇ-10ಕ್ಕೆ ಹೋಲಿಸಿದರೆ ಶೇ. 3-4ರಷ್ಟು ಶಕ್ತಿ ಕಡಿಮೆ ಸಿಗುತ್ತದೆ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಎಥನಾಲಿನ ಮೇಲೆ ಹೊರಿಸಬೇಡಿ, ಬೇರೆ ಕಾರಣ ಇದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್, ಕಾರ್ಬೊರೇಟರ್ ಸೀಲುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಈ ಪೆಟ್ರೋಲ್ ಬಿಡಬೇಡಿ. ತೇವ ಎಳೆದುಕೊಂಡ ಎಥನಾಲ್ ನೀರಿನೊಡನೆ ತಳಕ್ಕೆ ಇಳಿದು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಅಮೆರಿಕದ ಓಹಾಯೋದಲ್ಲಿ ಸಣ್ಣ ತರಕಾರಿ ತೋಟ ಮಾಡಿಕೊಂಡಿದ್ದೇವೆ. ತೋಟದ ಜೊತೆಗೇ ಬಂದ 1949ರ ಷೆವರ್ಲೆ 3100 ಪಿಕಪ್ ಇದೆ, 216 ಘನ ಅಂಗುಲದ ಎಂಜಿನ್. ವಾರದ ಸಂತೆಗೆ ಗಂಟೆಗೆ 60 ಮೈಲಿ ವೇಗದಲ್ಲಿ ಒಯ್ಯುತ್ತೇವೆ. ಗ್ಯಾಲನ್ನಿಗೆ 13 ಮೈಲಿ ಮಾತ್ರ ಬರುತ್ತಿದೆ. ಆಯಿಲ್ ಪ್ರೆಷರ್ ಮುಳ್ಳು ಸಹ ಕೆಳಗೇ ಇರುತ್ತದೆ.
— ಕನ್ನಡಿಗ ಓದುಗರು, ಓಹಾಯೋ

ಉತ್ತರ: ಮೈಲೇಜ್ ಚಿಂತೆ ಆಮೇಲೆ ಇರಲಿ, ಮೊದಲು 60ನ್ನು ಬಿಡಿ. ಈ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ ಪಂಪಿನ ಒತ್ತಡದಲ್ಲಿ ಆಯಿಲ್ ಹೋಗುವುದಿಲ್ಲ. ಪ್ರತಿ ರಾಡಿನ ತುದಿಗೂ ಒಂದು ಚಿಕ್ಕ ಸೌಟಿನಂಥ ತುಂಡು ಇದ್ದು, ಅದು ಕೆಳಗಿನ ತೊಟ್ಟಿಯಿಂದ ಆಯಿಲ್ ಮೊಗೆದುಕೊಳ್ಳುತ್ತದೆ. ವೇಗ ಹೆಚ್ಚಿದಾಗ ತೊಟ್ಟಿಯ ಕಡೆಗೆ ಗುರಿಯಿಟ್ಟ ನಾಜಲ್‌ಗಳು ಚಿಮ್ಮಿಸುವ ಆಯಿಲನ್ನು ಹಿಡಿಯುತ್ತದೆ. ಬೇರಿಂಗ್ ರಾಡಿಗೇ ಎರಕ ಹೊಯ್ದ ಬ್ಯಾಬಿಟ್ ಎಂಬ ಮೆತ್ತನೆ ಲೋಹ. ಎಪ್ಪತ್ತು ವರ್ಷ ದಾಟಿದ ಎಂಜಿನ್ನಿನಲ್ಲಿ ನಾಜಲ್ ದಿಕ್ಕು ತಪ್ಪಿದ್ದರೆ, ತೊಟ್ಟಿಯಲ್ಲಿ ಕೆಸರು ಕೂತಿದ್ದರೆ, ಹೆಚ್ಚು ವೇಗದಲ್ಲಿ ತುಂಬ ಹೊತ್ತು ಓಡಿಸಿದಾಗ ಮೊದಲು ಸಾಯುವುದು ಆ ಬ್ಯಾಬಿಟ್.

ನಿಮ್ಮ ಗಾಡಿಯ ಆಕ್ಸಲ್ 4.11, ಟಯರು 6.00-16 ಇದ್ದರೆ 60 ಮೈಲಿಯಲ್ಲಿ ಎಂಜಿನ್ ಸುಮಾರು 2,960 ಆರ್.ಪಿ.ಎಂ., 55ರಲ್ಲಿ 2,710, 45ರಲ್ಲಿ 2,220. ಈ ಎಂಜಿನ್ನಿನ ಪೂರ್ತಿ 90 ಅಶ್ವಶಕ್ತಿ ಬರುವುದೇ 3,300ರಲ್ಲಿ ಎಂದ ಮೇಲೆ 60ರ ಓಟ ಅದಕ್ಕೆ ದೌಡು. 45ರಿಂದ 50 ಮೈಲಿ, ನಮ್ಮ ಲೆಕ್ಕದಲ್ಲಿ 72ರಿಂದ 80 ಕಿ.ಮೀ., ಅದರ ಸಹಜ ನಡಿಗೆ. ಇಂಟರ್‌ಸ್ಟೇಟ್ ಬಿಟ್ಟು ಕೌಂಟಿ ರಸ್ತೆ ಹಿಡಿಯಿರಿ. ಕಿತ್ತಳೆ ತ್ರಿಕೋನದ ಫಲಕ 25 ಮೈಲಿಗಿಂತ ನಿಧಾನದ ಗಾಡಿಗಳಿಗೆ ಮೀಸಲು, ಅದನ್ನು ನೀವು ಅಂಟಿಸುವಂತಿಲ್ಲ.

ಆಯಿಲ್ ಪ್ರೆಷರ್‌ಗೆ ಗಾಬರಿ ಬೇಡ. ಇದು ಕಡಿಮೆ ಒತ್ತಡದ ವ್ಯವಸ್ಥೆ. ಗೇಜೇ 30 ಪೌಂಡಿಗೆ ಮುಗಿಯುತ್ತದೆ, ಓಡುವಾಗ 14ರ ಆಸುಪಾಸು ನಿಂತರೆ ಸರಿ. ಎಂಜಿನ್ ಬಿಚ್ಚಿಸುವ ದಿನ ಬಂದರೆ ನಾಜಲ್ ಗುರಿ ಮತ್ತು ತೊಟ್ಟಿಯ ಎತ್ತರವನ್ನು ಗೇಜ್ ಇಟ್ಟು ಸರಿಪಡಿಸುವ ಮೆಕಾನಿಕ್ಕನ್ನೇ ಹುಡುಕಿ.

ಇನ್ನೂ ವೇಗ ಬೇಕೇ ಬೇಕು ಎಂದರೆ 3.55ರ ಕ್ರೌನ್-ಪಿನಿಯನ್ ಈ ಗಾಡಿಗೆ ಸಿಗುತ್ತದೆ. ಸುತ್ತು ಶೇ. 13-14 ಇಳಿದು 55 ಮೈಲಿಯಲ್ಲಿ 2,340 ಆಗುತ್ತದೆ. ಆದರೆ 3100ರಲ್ಲಿ ಪ್ರೊಪೆಲ್ಲರ್ ಶಾಫ್ಟು ಮುಚ್ಚಿದ ಟಾರ್ಕ್ ಟ್ಯೂಬಿನೊಳಗೆ ಇರುವುದರಿಂದ ಇಡೀ ಹಿಂದಿನ ಆಕ್ಸಲ್ ಇಳಿಸಬೇಕು, ಮೂರು ಗೇರಿನ ಪೆಟ್ಟಿಗೆಯಾದರೆ ಏರಿನಲ್ಲಿ ಪದೇ ಪದೇ ಎರಡನೇ ಗೇರಿಗೆ ಬರಬೇಕಾಗುತ್ತದೆ. ಪೂರ್ತಿ ಒತ್ತಡದ ಆಯಿಲ್ ವ್ಯವಸ್ಥೆಯ 235 ಎಂಜಿನ್, 1954ರಿಂದ ಟ್ರಕ್ಕುಗಳಿಗೆ ಬಂದದ್ದು, ಕೂರಿಸಿಕೊಂಡವರು ಬಹಳ ಮಂದಿ. ದಿನಾ ಓಡಿಸುವುದಾದರೆ ಅದೇ ಒಳ್ಳೆಯ ದಾರಿ.

ಇದ್ಯಾವುದೂ ಇಲ್ಲದೆ ಪೆಟ್ರೋಲ್ ಉಳಿಸಲು ಒಂದು ವ್ಯಾಕ್ಯೂಮ್ ಗೇಜ್ ಸಾಕು. ಮ್ಯಾನಿಫೋಲ್ಡಿಗೆ ಜೋಡಿಸಿ ಕಣ್ಣೆದುರು ಇಟ್ಟುಕೊಳ್ಳಿ. ಐಡಲಿನಲ್ಲಿ 17ರಿಂದ 21 ಅಂಗುಲ ಅಲುಗದೆ ನಿಂತರೆ ಎಂಜಿನ್ ಆರೋಗ್ಯವಾಗಿದೆ. ಓಡುವಾಗ 10ಕ್ಕಿಂತ ಕೆಳಗೆ ಬೀಳದಂತೆ ಕಾಲು ಹಗುರ ಮಾಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದೇಶವಿಡೀ 35 ಮೈಲಿ ಮಿತಿ ಹಾಕಿತ್ತು. ಅಂದಿನ ಮುಖ್ಯ ಚಿಂತೆ ಪೆಟ್ರೋಲಿಗಿಂತ ಟಯರಿನ ರಬ್ಬರಿನದು. 1974ರ 55 ಮೈಲಿ ಮಿತಿಗೆ ಮಾತ್ರ ತೈಲವೇ ಕಾರಣ.

ಪ್ರಶ್ನೆ: ಕಬ್ಬು ಹೊಡೆಯುವ ಹಳೇ ಟಾಟಾ 1210, 692 ಎಂಜಿನ್. ಪಿಕಪ್ ಇಲ್ಲವೆಂದು ಡೀಸೆಲ್ ಪಂಪ್ ರಿಪೇರಿ ಮಾಡಿಸಿದೆವು. ಪಿಕಪ್ ಬಂತು, ಆದರೆ ಕಪ್ಪು ಹೊಗೆ, ಮೈಲೇಜ್ ನಾಲ್ಕೂವರೆಯಿಂದ ಮೂರೂವರೆಗೆ ಇಳಿದಿದೆ.
— ಓದುಗರು, ಮಂಡ್ಯ

ಉತ್ತರ: ಪಂಪ್ ಮಾಡಿದವರು ಸೀಲ್ ಕತ್ತರಿಸಿ ಡೀಸೆಲ್ ಹೆಚ್ಚು ಬಿಡುವಂತೆ ತಿರುಗಿಸಿದ್ದಾರೆ ಎಂಬ ಅನುಮಾನಕ್ಕೆ ಎಲ್ಲ ಲಕ್ಷಣ ಇದೆ. ಒಳಗೆ ಬರುವ ಗಾಳಿ ಅಷ್ಟೇ, ಡೀಸೆಲ್ ಮಾತ್ರ ಹೆಚ್ಚು. ಸುಡಲಾಗದ್ದು ಹೊಗೆಯಾಗಿ ಹೋಗುತ್ತದೆ, ಒಂದು ಪಾಲು ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲನ್ನು ನೀರಾಗಿಸುತ್ತದೆ. ಡಿಪ್‌ಸ್ಟಿಕ್ ಆಯಿಲಿನಲ್ಲಿ ಡೀಸೆಲ್ ವಾಸನೆ ಇದೆಯೇ, ಮಟ್ಟ ಏರಿದೆಯೇ ನೋಡಿ.

ಆದರೂ ಪಂಪಿಗೆ ಮತ್ತೆ ಕೈ ಹಾಕುವ ಮುನ್ನ ಅಗ್ಗದ ಕಾರಣಗಳನ್ನು ತಳ್ಳಿಹಾಕಿ. ಕಬ್ಬಿನ ಗದ್ದೆಯ ದೂಳಿನಲ್ಲಿ ಆಯಿಲ್-ಬಾತ್ ಏರ್ ಫಿಲ್ಟರಿನ ಬಟ್ಟಲು ವಾರದಲ್ಲೇ ಕೆಸರಾಗುತ್ತದೆ. ಬಟ್ಟಲು, ಮೇಲಿನ ಜಾಲರಿ ಎರಡನ್ನೂ ಡೀಸೆಲಿನಲ್ಲಿ ತೊಳೆದು, ಒಣಗಿಸಿ, ಗುರುತಿನ ಗೆರೆವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಗೆರೆ ಮೀರಿದರೆ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ಫಿಲ್ಟರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸ್ ಒಳಪದರ ಕಿತ್ತು ಬಾಯಿ ಮುಚ್ಚಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಬೆರಳು ಹಾಕಿ ನೋಡಬೇಕು. ಆಮೇಲೆ ಟ್ಯಾಪೆಟ್, ಅಂದರೆ ವಾಲ್ವ್ ಗ್ಯಾಪ್ ನೋಡಿಸಿ.

ನಾಜಲ್ ಪರೀಕ್ಷೆಗೆ ಎಂಜಿನ್ ಐಡಲಿನಲ್ಲಿಟ್ಟು ಒಂದೊಂದೇ ಡೀಸೆಲ್ ಪೈಪಿನ ನಟ್ಟು ಸಡಿಲಿಸಿ. ಸದ್ದು ಬದಲಾಗದ ಸಿಲಿಂಡರಿನಲ್ಲಿ ದೋಷ ಇದೆ. ಕೈ, ಕಣ್ಣು ದೂರವಿರಲಿ, ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಆರೂ ನಾಜಲ್ ತೆಗೆಸಿ ಅಂಗಡಿಯ ಕೈಪಂಪಿನಲ್ಲಿ ನಿಮ್ಮೆದುರೇ ಒತ್ತಿಸಿ. ನಿಮ್ಮ ಲಾರಿಯ ಕಾಲದ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ನಾಜಲ್ ತೆರೆಯುವುದು ಸಾಮಾನ್ಯವಾಗಿ 200 ಬಾರ್ ಆಸುಪಾಸು. ಹನಿ ತೊಟ್ಟಿಕ್ಕದೆ ಕಿರ್ ಎಂಬ ಸದ್ದಿನೊಡನೆ ಮಂಜಿನಂತೆ ಚದುರಬೇಕು. ಕೂರಿಸುವಾಗ ತಾಮ್ರದ ವಾಷರ್ ಹೊಸದು. 692 ಎಂದರೆ 6 ಸಿಲಿಂಡರ್, 92 ಮಿ.ಮೀ. ಬೋರು, 697 ಎಂದರೆ 97 ಮಿ.ಮೀ. ಅಂಗಡಿಯಲ್ಲಿ ಒಂದರ ನಾಜಲನ್ನು ಇನ್ನೊಂದಕ್ಕೆ ದಾಟಿಸುವುದುಂಟು, ನೋಡಿಕೊಳ್ಳಿ.

ಇಷ್ಟಾದ ಮೇಲೂ ಹೊಗೆ ಇದ್ದರೆ ಪಂಪು ಬಿಚ್ಚಿಸಿ. ಬೆಂಗಳೂರಿನ ಮೈಕೋ, 2008ರಿಂದ ಬಾಷ್ ಎಂಬ ಹೆಸರಿನದು, ತಯಾರಿಸಿದ ಪಂಪಾದರೆ ಪಕ್ಕದಲ್ಲಿ ತಗಡಿನ ಚೀಟಿ ಇರುತ್ತದೆ. ಅದರ ಪೂರ್ತಿ ನಂಬರಿಗೆ ಹೊಂದುವ ಚಾರ್ಟ್ ಪ್ರಕಾರವೇ ಕ್ಯಾಲಿಬ್ರೇಷನ್ ಮಾಡಿ, ಆರೂ ಸಿಲಿಂಡರಿನ ಅಳತೆ ಬರೆದುಕೊಡಿ ಎಂದು ಕೇಳಿ. ‘ಅಂದಾಜಿನ ಮೇಲೆ ಬಿಟ್ಟಿದ್ದೀವಿ’ ಎನ್ನುವ ಕಡೆ ಬೇಡ. ವಾಪಸು ಕೂರಿಸುವಾಗ ಟೈಮಿಂಗ್ ಸ್ಪಿಲ್ ಕಟ್-ಆಫ್ ವಿಧಾನದಲ್ಲಿ, ಅಂದರೆ ಪಂಪಿನಿಂದ ಡೀಸೆಲ್ ಹರಿವು ನಿಲ್ಲುವ ಕ್ಷಣ ನೋಡಿ, ಇಡಿಸಿ.

ಇನ್ನೊಂದು, ಯಾರೂ ಹೇಳದ್ದು. ರೇಡಿಯೇಟರ್ ಬಿಸಿಯಾಗುತ್ತೆಂದು ಥರ್ಮೋಸ್ಟಾಟ್ ಕಿತ್ತೆಸೆದ ಲಾರಿಗಳೇ ನಮ್ಮಲ್ಲಿ ಹೆಚ್ಚು. ಆಗ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಡೀಸೆಲ್ ಅರೆಬರೆ ಸುಡುತ್ತದೆ, ಬೋರು ಬೇಗ ಸವೆಯುತ್ತದೆ. ಬಿಸಿಯಾಗುವುದಕ್ಕೆ ಕಾರಣ ಕೊಳೆ ಕಟ್ಟಿಕೊಂಡ ರೇಡಿಯೇಟರೋ ಸಡಿಲ ಬೆಲ್ಟೋ ಆಗಿರುತ್ತದೆ, ಅದನ್ನು ಸರಿಪಡಿಸಿ ಥರ್ಮೋಸ್ಟಾಟ್ ವಾಪಸು ಹಾಕಿಸಿ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದಲ್ಲವೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಉಳಿಯುವುದಿಲ್ಲ. ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಪಂಪಿನಲ್ಲಿ ಡೀಸೆಲ್ ಅಳತೆ ನೋಡಿಕೊಳ್ಳುವ ಗವರ್ನರ್ ಡೀಸೆಲನ್ನು ಪೂರ್ತಿ ನಿಲ್ಲಿಸುತ್ತದೆ, ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಮಾಡಿದರೆ ಐಡಲಿಗೆ ಬೇಕಾದ ಡೀಸೆಲ್ ಖರ್ಚಾಗುತ್ತಲೇ ಇರುತ್ತದೆ. ಎಂಜಿನ್ ಬಂದ್ ಮಾಡಿ ಇಳಿಯುವವರಂತೂ 407ರಲ್ಲಿ ಬ್ರೇಕಿನ ವ್ಯಾಕ್ಯೂಮ್ ಕಳೆದುಕೊಳ್ಳುತ್ತಾರೆ, ದೊಡ್ಡ ಲಾರಿಯಲ್ಲಿ ಗಾಳಿ ತುಂಬುವುದು ನಿಲ್ಲುತ್ತದೆ. ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗುವ ಗಾಡಿಗಳೂ ಇವೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಿ. ನಡುವೆ ಹಾಕಲು ಹೋಗಿ ಗೇರ್ ಕೂರದೆ ನ್ಯೂಟ್ರಲಿನಲ್ಲೇ ಉಳಿದ ಲಾರಿಗೆ ಮುಂದೆ ಬ್ರೇಕ್ ಒಂದೇ ಗತಿ, ಅದೂ ಬಿಸಿಯಾಗುತ್ತ ಹೋಗುತ್ತದೆ.

ಪ್ರಶ್ನೆ: ಎಂಜಿನ್ ಸರಿ ಇದೆ, ವೇಗವೂ 50 ಮೀರುವುದಿಲ್ಲ. ಆದರೂ ಮೈಲೇಜ್ ಇಲ್ಲ.
— ಓದುಗರು, ಬಾಗಲಕೋಟೆ

ಉತ್ತರ: ಗಾಡಿ ಸಲೀಸಾಗಿ ಉರುಳುತ್ತಿಲ್ಲ. 10 ಕಿ.ಮೀ. ಓಡಿಸಿ, ಕೊನೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಲೈನರ್ ಕಚ್ಚಿದೆ, ವೀಲ್ ಸಿಲಿಂಡರ್ ಜಾಮ್ ಆಗಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ನಾಲ್ಕೂ ಬಿಸಿಯಿದ್ದರೆ ಮಾಸ್ಟರ್ ಸಿಲಿಂಡರಿನ ಪುಶ್ ರಾಡಿಗೆ ಆಟವಿಲ್ಲ ಅಥವಾ ಹಳೆಯ ರಬ್ಬರ್ ಹೋಸ್ ಒಳಗೇ ಊದಿ ಆಯಿಲ್ ವಾಪಸು ಬಿಡುತ್ತಿಲ್ಲ. ಟಯರಿನ ಗಾಳಿಯನ್ನು ತಣ್ಣಗಿದ್ದಾಗ ಮಾತ್ರ ನೋಡಿ. ಬಿಸಿ ಟಯರಿನಲ್ಲಿ ಹೆಚ್ಚು ತೋರಿಸಿತೆಂದು ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಇರುತ್ತದೆ. ಮುಂದಿನ ಟಯರಿನ ಅಂಚು ಗರಗಸದ ಹಲ್ಲಿನಂತೆ ಸವೆದಿದ್ದರೆ ಟೋ-ಇನ್, ಅಂದರೆ ಮುಂದಿನ ಚಕ್ರಗಳು ಒಳಮುಖವಾಗಿರುವ ಅಳತೆ, ತಪ್ಪಿದೆ. ಹೊಸ ಟಯರು ಕೊಳ್ಳುವ ಹೊತ್ತಾದರೆ ರಿಮ್ಮಿಗೆ ಹೊಂದುವ ರೇಡಿಯಲ್ ಹಾಕಿ, ನೈಲಾನಿಗಿಂತ ಹಗುರವಾಗಿ ಉರುಳುತ್ತದೆ. ಒಂದೇ ಆಕ್ಸಲಿನಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಡೀಸೆಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್ಟು, ಟ್ಯಾಂಕಿಗೆ ಹಾಕುವ ಗುಳಿಗೆ ಇವುಗಳಿಂದ ಲಾಭ ಇದೆಯೇ? ಸೀಮೆಎಣ್ಣೆ ಬೆರೆಸಿದರೆ?
— ಓದುಗರು, ಗದಗ, ಹಾವೇರಿ, ಶಿರಾ

ಉತ್ತರ: ಮ್ಯಾಗ್ನೆಟ್ಟಿಗೆ ಡೀಸೆಲನ್ನು ಬದಲಿಸುವ ಶಕ್ತಿ ಇಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ದಶಕಗಳಿಂದ ಇಂಥ ಸಾಧನಗಳನ್ನು ಪರೀಕ್ಷಿಸಿದೆ, ಬಹುಪಾಲು ನಿಷ್ಪ್ರಯೋಜಕ ಎಂದೇ ಹೇಳಿದೆ. ಕಟ್ಟಿದ ವಾರ ಮೈಲೇಜ್ ಏರಿತು ಎನ್ನುವವರು ಆ ವಾರ ಮೀಟರ್ ನೋಡುತ್ತ ನಿಧಾನವಾಗಿ ಓಡಿಸಿರುತ್ತಾರೆ, ಅಷ್ಟೇ.

ಸೀಮೆಎಣ್ಣೆ ಬೆರೆಸುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಕಡೆ. ಇನ್ನೊಂದು ಕಡೆ, ಪಂಪಿನ ಪ್ಲಂಜರ್, ನಾಜಲ್ ಸೂಜಿಗಳಿಗೆ ಡೀಸೆಲೇ ಲೂಬ್ರಿಕೇಷನ್. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಪ್ಲಂಜರ್ ಸವೆದ ಪಂಪು ಬಿಸಿಯಾದಾಗ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ, ಲೋಡು ಎಳೆಯುವುದಿಲ್ಲ, ಆರು ಎಲಿಮೆಂಟ್ (ಪ್ಲಂಜರ್ ಮತ್ತು ಅದರ ಕೊಳವೆ) ಬದಲಿಸುವ ಬಿಲ್ಲು ಒಂದು ಹಂಗಾಮಿನ ಉಳಿತಾಯವನ್ನೆಲ್ಲ ನುಂಗುತ್ತದೆ. ಗುಳಿಗೆಯ ದುಡ್ಡಿನಲ್ಲಿ ಎರಡು ಡೀಸೆಲ್ ಫಿಲ್ಟರ್ ತಂದು ಹಾಕಿ, ಫಿಲ್ಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ನೀರು ಬಿಡಿ, ಆಮೇಲೆ ಗಾಳಿ ತೆಗೆದು ಸ್ಟಾರ್ಟ್ ಮಾಡಿ.